ಒಂದು ಗಳಿಗೆಯ ಹೆಸರು

"ಇನ್ನೂ ಮೇಲಕ್ಕೆ ಎತ್ರೋ! ಸೌದೆ ಹೊರೆ ಏನ್ರೋ ಅದು?" ಕೇರಿಯ ಯಜಮಾನ ಗದರಿದ.

"ಯಾರಿಗೋಸ್ಕರ ಎತ್ತೋದು ಯಜಮಾನ್ರೆ? ಕೆಳಗೆ ನುಸುಳೋಕೆ ಮಕ್ಕಳೆಲ್ಲಿದಾರೆ?" ಚಟ್ಟಕ್ಕೆ ಹೆಗಲು ಕೊಟ್ಟವನೊಬ್ಬ ಅಂದ. ಇಬ್ಬರು ನಕ್ಕರು.

ಹೂತಟ್ಟೆ ಹಿಡಿದಿದ್ದ ಕರ್ನಿಯ ಕಿವಿ ಬಿಸಿಯಾಯಿತು. ಸತ್ತವಳು ಅವಳ ದೊಡ್ಡವ್ವ ರೆನೆಂಗ್. ಅವಳನ್ನು ಉಣಿಸಿ ಬೆಳೆಸಿದವಳು. ಆದರೆ ಚಟ್ಟದಡಿ ತಲೆಬಾಗಿ ನುಸುಳುವ ಹಕ್ಕು ಮಕ್ಕಳದು.

ಬಾಲಿ ದ್ವೀಪದಲ್ಲಿ ಚೊಚ್ಚಲು ಮಗು ಹುಟ್ಟಿದೊಡನೆ ತಾಯಿಯ ಹೆಸರು ಅಳಿಯುತ್ತದೆ. ಕರ್ನಿಯ ಅವ್ವ ಅಂದಿನಿಂದ ಊರಿಗೆಲ್ಲ 'ಮೆನ್ ಕರ್ನಿ', ಕರ್ನಿಯ ತಾಯಿ. ಹೆರದವಳಿಗೆ ಮಾತ್ರ ಹುಟ್ಟುಹೆಸರೇ ಕೊನೆತನಕ. ನರೆತ ತಲೆಯ ದೊಡ್ಡವ್ವನನ್ನು ತೊದಲು ಮಕ್ಕಳೂ 'ರೆನೆಂಗ್' ಎಂದೇ ಕೂಗುತ್ತಿದ್ದವು. ಈ ಅನ್ಯಾಯವನ್ನು ಕೇರಿ ಸಂಪ್ರದಾಯವೆಂದು ಕರೆಯುತ್ತಿತ್ತು.

*

ಕರ್ನಿ ಚಿಕ್ಕವಳಿದ್ದಾಗ ಒಮ್ಮೆ ದೊಡ್ಡವ್ವ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಪೂಜೆಯ ಬುಟ್ಟಿಗೆಂದು ತೆಂಗಿನ ಗರಿ ಸೀಳುತ್ತಿದ್ದಳು. ಬಾಗಿಲಲ್ಲಿ ಹೊಸಬನೊಬ್ಬ ಬಟ್ಟೆಗಂಟು ಇಳಿಸಿದ.

"ಮೆನ್ ಕರ್ನಿ ಅಂದ್ರೆ ನೀವೇನಮ್ಮಾ?"

ಗರಿ ಸೀಳುತ್ತಿದ್ದ ಕೈ ನಿಂತಿತು. ಮುಖ ಬೆಳಗಿತು. "ಹ್ಞೂಂ, ನಾನೇ."

ಸಂತೆಯಿಂದ ಆಗಷ್ಟೇ ಬಂದಿದ್ದ ಅವ್ವ ಬುಟ್ಟಿ ಕುಕ್ಕಿದಳು. "ನನ್ನ ಹೆಸ್ರು ಕದೀಬೇಡ ಅಕ್ಕಾ. ಹೆತ್ತೋಳು ನಾನು."

"ಕದೀಲಿಲ್ಲ ಕಣೇ ಸಾದ್ರಿ. ಒಂದು ಗಳಿಗೆ ಹಾಕ್ಕೊಂಡು ನೋಡ್ದೆ ಅಷ್ಟೆ."

ಮತ್ತೆಂದೂ ಆಕೆ ಹಾಗೆ ಅನ್ನಲಿಲ್ಲ. ಆದರೆ ಹಾದಿಯಲ್ಲಿ ಯಾರಾದರೂ 'ಮೆನ್ ಕರ್ನಿ' ಎಂದು ಕೂಗಿದರೆ, ಗರಿ ಸೀಳುವ ಕೈ ಅರೆಕ್ಷಣ ನಿಲ್ಲುತ್ತಿತ್ತು.

*

ಕರ್ನಿ ತಟ್ಟೆಯನ್ನು ಕೆಳಗಿಟ್ಟು ಒಂದು ಹೆಜ್ಜೆ ಮುಂದಿಟ್ಟಳು, ನಿಂತಳು. ಇಡೀ ಕೇರಿಯ ಎದುರು ನುಸುಳಿದರೆ, ಬದುಕಿರುವ ಅವ್ವನನ್ನು ಅಲ್ಲಗಳೆದಂತೆ. ನುಸುಳದಿದ್ದರೆ ದೊಡ್ಡವ್ವ ಯಾರಿಗೂ ಏನೂ ಆಗದೆ ಹೋಗುತ್ತಾಳೆ. ಅವಳು ಅವ್ವನ ಕಡೆ ನೋಡಿದಳು. ಕಲ್ಲಿನಂಥ ಮುಖ.

ಚಟ್ಟ ಹೊರಟಿತು. ಥಟ್ಟನೆ ಅವ್ವ ಹೋಗಿ ಅದಕ್ಕೆ ಅಡ್ಡ ನಿಂತಳು.

"ತಡೀರಿ. ಎತ್ತಿ ಹಿಡೀರಿ. ಮೆನ್ ಕರ್ನಿ ಹೊರಟವ್ಳೆ. ಮಗಳು ನುಸುಳಬೇಕು."

ಯಜಮಾನ ತಬ್ಬಿಬ್ಬಾದ. "ಮೆನ್ ಕರ್ನಿ ನೀನಲ್ವೇನೆ? ಹಂಗಾದ್ರೆ ನೀನ್ಯಾರು?"

"ನಾನು..."

ಅವ್ವ ಪಕ್ಕಕ್ಕೆ ಸರಿದು, ಕರ್ನಿ ಕೆಳಗಿಟ್ಟಿದ್ದ ಹೂತಟ್ಟೆಯನ್ನು ಎತ್ತಿಕೊಂಡಳು. ಅವಳನ್ನು ಹುಟ್ಟುಹೆಸರು ಹಿಡಿದು ಸಾದ್ರಿ ಎಂದು ಕರೆಯುತ್ತಿದ್ದ ಒಂದೇ ನಾಲಿಗೆ ಆ ಬಿಳಿ ಬಟ್ಟೆಯೊಳಗಿತ್ತು.

ಹೊತ್ತವರು ತೋಳು ಚಾಚಿ ಎತ್ತಿದರು. ಕರ್ನಿ ತಲೆಬಾಗಿ ಒಳನುಸುಳಿದಳು. ಬಟ್ಟೆಯ ಅಂಚು ನೆತ್ತಿಯನ್ನು ಸವರಿತು.

ಆಚೆ ಬಂದು ತಿರುಗಿದಾಗ, ಅವ್ವ ಹೂತಟ್ಟೆಯನ್ನು ಎದೆಗವಚಿಕೊಂಡು ಚಟ್ಟದ ಕಡೆಗೇ ಕಿವಿಗೊಟ್ಟು ನಿಂತಿದ್ದಳು, ಒಳಗಿನಿಂದ ಯಾರೋ ಕರೆಯುವರೆಂಬಂತೆ.