ಒಕ್ಕಣ್ಣನ ಕಲ್ಲು

ಆ ಬಂದರಿನಲ್ಲಿ ಕಳ್ಳನೊಬ್ಬ ಸತ್ತು ಇನ್ನೂರು ವರ್ಷವಾದ ಮೇಲೆ ದೊಡ್ಡ ಮನುಷ್ಯನಾಗಿದ್ದ. ಬದುಕಿದ್ದಾಗ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರ ಮರಿಮಕ್ಕಳು ಈಗ ಅವನ ಮುಖವಿರುವ ಅಂಗಿ ಮಾರುತ್ತಿದ್ದರು. ಹೆಸರು ಯಾರಿಗೂ ಗೊತ್ತಿಲ್ಲ. ಒಕ್ಕಣ್ಣ ಎಂದರೆ ಸಾಕು. ಒಕ್ಕಣ್ಣ ರಾಜನ ಹಡಗುಗಳನ್ನು ನಡುಗಿಸಿದನಂತೆ, ಬಡವರಿಗೆ ಚಿನ್ನ ಹಂಚಿದನಂತೆ, ದೀಪಸ್ತಂಭದ ಕಾವಲುಗಾರನ ಮಗಳಿಗಾಗಿ ಕಣ್ಣು ಕಳೆದುಕೊಂಡನಂತೆ. ಇಷ್ಟು ಅಂತೆಕಂತೆಗಳ ಮೇಲೆ ಎರಡು ಹೋಟೆಲು, ಒಂದು ದೋಣಿವಿಹಾರ, ಒಂದು ಪ್ರವಾಸಿ ಸಮಿತಿ ನಿಂತಿದ್ದವು.

ಕಲ್ಲು ಕೆತ್ತುವ ಮುದುಕನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವನ ಮನೆಯವರು ಆರು ತಲೆಮಾರಿನಿಂದ ಸಮಾಧಿಕಲ್ಲು ಕೆತ್ತಿಕೊಂಡು ಬಂದವರು. ಕೆತ್ತುವ ಬರಹವನ್ನು ಮೊದಲು ಕಾಗದದಲ್ಲಿ ಬರೆದು, ಕೆಲಸವಾದ ಮೇಲೆ ಕಾಗದವನ್ನು ಪೆಟ್ಟಿಗೆಯಲ್ಲಿ ಇಡುವುದು ಅವರ ರೂಢಿ. ಒಕ್ಕಣ್ಣನ ಕಾಲದ ಕಾಗದಗಳೂ ಅದರಲ್ಲಿದ್ದವು. ‘ಗುರುತಿಲ್ಲದವರು, ಏಳು ಮಂದಿ, ದಡದಲ್ಲಿ ಸಿಕ್ಕಿದರು’ ಎಂದು ಒಂದರಲ್ಲಿತ್ತು. ಅದರ ಕೆಳಗೆ, ಕಲ್ಲಿಗಲ್ಲ, ತನ್ನ ನೆನಪಿಗೆಂದು ಆ ಕಾಲದ ಹಿರಿಯ ಬರೆದುಕೊಂಡಿದ್ದ ಮಾತು: ‘ಉಂಗುರದ ಬೆರಳುಗಳಿಲ್ಲ.’

ಬಂಡೆಯ ಮೇಲೆ ಸುಳ್ಳು ದೀಪ ಹಚ್ಚುವುದು, ಬಂದರೆಂದು ನಂಬಿ ಬಂದ ಅಕ್ಕಿಯ ದೋಣಿ, ಉಪ್ಪಿನ ದೋಣಿಗಳು ಒಡೆಯುವುದನ್ನು ಕಾಯುವುದು, ತೇಲಿ ಬಂದವರ ಕೈಯನ್ನು ಹಿಡಿಯುವುದು ಬೆರಳು ಕತ್ತರಿಸಲಿಕ್ಕೆ ಮಾತ್ರ. ಮುದುಕನ ಮನೆಯಲ್ಲಿ ತಲೆಮಾರಿನಿಂದ ತಿಳಿದಿದ್ದ ಒಕ್ಕಣ್ಣನ ಶೌರ್ಯ ಇದು. ಕಣ್ಣು ಹೋದದ್ದೂ ಪ್ರೇಮಕ್ಕಾಗಿಯಲ್ಲ. ಮೀನು ಹೆಚ್ಚುತ್ತಿದ್ದ ಮುದುಕಿಯೊಬ್ಬಳ ಬುಟ್ಟಿಗೆ ಕೈ ಹಾಕಿದ; ಅವಳು ಕೈಯಲ್ಲಿದ್ದದ್ದನ್ನೇ ಬೀಸಿದಳು. ಕೊನೆಗೆ ಕುಡಿದು, ಮೊಣಕಾಲುದ್ದ ನೀರಿನ ಚರಂಡಿಯಲ್ಲಿ ಬಿದ್ದು ಸತ್ತ. ಸಮುದ್ರಕ್ಕೂ ಅವನು ಬೇಡವಾಗಿದ್ದ.

ಹಿಂದಿನ ವರ್ಷದ ಬಿರುಗಾಳಿಯಲ್ಲಿ ಒಂದೇ ದೋಣಿಯ ಒಂಬತ್ತು ಮಂದಿ ಹೋದರು. ಮುದುಕನ ಒಬ್ಬನೇ ಮಗನೂ ಅವರಲ್ಲಿದ್ದ. ಒಂದು ಹೆಣವೂ ಸಿಗಲಿಲ್ಲ. ಊರಿನವರಿಗೆಲ್ಲ ಸಮಾಧಿ ಕಟ್ಟಿದವನಿಗೆ ಸ್ವಂತ ಮಗನಿಗೆ ಮೂರಡಿ ಮಣ್ಣು ಅಗೆಯುವ ಭಾಗ್ಯವಿರಲಿಲ್ಲ. ದೇವರನ್ನು ಅವನು ಬೈಯಲಿಲ್ಲ. ಬೆಳಿಗ್ಗೆ, ಸಂಜೆ ಪ್ರಾರ್ಥನೆಗೆ ಕುಳಿತಾಗ ಕೇಳಿದ್ದು ಒಂದೇ: ಆ ಒಂಬತ್ತು ಹೆಸರುಗಳು ಕಡಲಿಗೆ ಮುಖಮಾಡಿ ಬಂದರಿನ ಕಟ್ಟೆಯ ತುದಿಯಲ್ಲಿ ನಿಲ್ಲಬೇಕು. ಅದಕ್ಕೆಂದೇ ಆಳೆತ್ತರದ ಕರಿಕಲ್ಲೊಂದನ್ನು ಆರಿಸಿ ತಂದಿದ್ದ. ಜಾಗ ಕೊಡಬೇಕಾದದ್ದು ಸಮಿತಿ.

ಹೋಟೆಲಿನ ಯಜಮಾನನೂ ಆಗಿದ್ದ ಅಧ್ಯಕ್ಷ, ಚರಿತ್ರೆಯ ಮೇಷ್ಟ್ರನ್ನು ಕರೆದುಕೊಂಡು ಬಂದ. ಕಲ್ಲನ್ನು ಕುದುರೆಯ ಬೆನ್ನು ತಟ್ಟಿದಂತೆ ತಟ್ಟಿದ.

“ಜಾಗ ಕೊಡ್ತೀವಿ ಅಜ್ಜ. ಕಲ್ಲೂ ಇದೇ ಇರ್ಲಿ. ಮುಂದುಗಡೆ ನಮ್ಮ ಒಕ್ಕಣ್ಣ, ಹಿಂದುಗಡೆ ನಿಮ್ಮ ಹುಡುಗರು.”

“ಹಿಂದುಗಡೆ ಐಸು ಕಾರ್ಖಾನೆ ಗೋಡೆ ಇದೆಯಲ್ಲಪ್ಪ. ಮಧ್ಯೆ ಬೆಕ್ಕು ನುಸುಳೋಷ್ಟೂ ಜಾಗ ಇಲ್ಲ. ಯಾರು ಓದ್ತಾರೆ?”

“ದೇವರು ಓದ್ತಾನೆ. ನೀವು ದೈವಭಕ್ತರಲ್ವಾ?” ಎಂದು ಅಧ್ಯಕ್ಷ ನಕ್ಕ.

ಮೇಷ್ಟ್ರು ತಾವು ಬರೆದ ಸಾಲುಗಳನ್ನು ಕೈಗಿತ್ತರು. ‘ಕಡಲ ಸಿಂಹ, ದೀನಬಂಧು, ಪ್ರೇಮಮೂರ್ತಿ.’ ಮುದುಕ ಓದಿ, ಮಡಿಸಿ, ಜೇಬಿಗಿಟ್ಟ. ಬಾಯಲ್ಲಿ ಉಗುಳು ತುಂಬಿಬಂತು. ಕೆಲಸದ ಜಾಗವೆಂದು ನುಂಗಿಕೊಂಡ.

ಆ ಅಂಗಳದಲ್ಲಿ ಒಂದು ನೇಮವಿತ್ತು. ಕಲ್ಲಿನ ಮೇಲೆ ಮೊದಲು ಕೆಂಪು ಸೀಮೆಸುಣ್ಣದಲ್ಲಿ ಬರೆಯುವುದು. ಗಿರಾಕಿ ಬಂದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಮೂಲೆಯಲ್ಲಿ ಸಹಿ ಹಾಕಿದ ಮೇಲೆಯೇ ಉಳಿ ಹಿಡಿಯುವುದು. ಸೀಮೆಸುಣ್ಣವನ್ನು ಅಂಗೈಯಿಂದ ಒರೆಸಬಹುದು. ಉಳಿ ಬಿದ್ದ ಮೇಲೆ ಒರೆಸುವ ಮಾತಿಲ್ಲ.

ಒಕ್ಕಣ್ಣನ ಮುಖ ಕೆತ್ತಿ ಮುಗಿದಾಗ ಮುದುಕ ಅದರ ಕೆಳಗೆ ಸೀಮೆಸುಣ್ಣದಲ್ಲಿ ಬರೆದ. ಕಲ್ಲಿಗೆ ಹೊಳಪು ಕೊಡುತ್ತಿದ್ದ ಸೊಸೆ ಓದಿ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕೆಳಗಿಟ್ಟಳು.

“ಮಾವ, ಇದು ಮೇಷ್ಟ್ರು ಕೊಟ್ಟಿದ್ದಲ್ಲ. ಮೋಸ ಆಗಲ್ವಾ?”

“ಓದಿ ಅಂತ ಹೇಳ್ತೀನಮ್ಮ. ಒಂದಲ್ಲ, ಮೂರು ಸಲ ಹೇಳ್ತೀನಿ. ಓದಿ ಬೇಡ ಅಂದ್ರೆ ಅವರೆದುರೇ ಒರೆಸಿ, ಅವರ ಸುಳ್ಳನ್ನೇ ಕೆತ್ತಿ ಕೊಡ್ತೀನಿ. ಹೆಸರುಗಳು ಗೋಡೆ ಕಡೆಗೇ ಹೋಗ್ಲಿ. ದೇವರು ಇಟ್ಟ ಹಾಗೆ.”

ಅಧ್ಯಕ್ಷ, ಮೇಷ್ಟ್ರು ಬರುವ ಹೊತ್ತಿಗೆ ಸೊಸೆ ಕಲ್ಲಿನ ಪಕ್ಕ ಒಂದು ಸ್ಟೂಲು ತಂದಿಟ್ಟಳು, ಕುಳಿತು ಓದುವವರಿಗೆ ಅನುಕೂಲವಾಗಲೆಂದು.

ಅಧ್ಯಕ್ಷ ಮುಖವನ್ನೇ ನೋಡಿದ. “ಅಜ್ಜ, ಇವನು ಕಳ್ಳನ ಹಾಗೆ ಕಾಣ್ತಾನಲ್ಲ?”

“ಕಳ್ಳನೇ ಅಲ್ವಾ?”

“ಕಳ್ಳ ಸರಿ, ಆದ್ರೆ ಅಂಥ ಕಳ್ಳ ಅಲ್ಲ. ಮೀಸೆ ಇನ್ನೊಂದು ಚೂರು ಮೇಲಕ್ಕೆ ತಿರುವಿ.”

“ತಿರುವೋಣ. ಕೆಳಗೆ ಬರೆದಿರೋದನ್ನ ಓದಿ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಗ್ಗಿದರು. ಸೊಸೆಯ ಕೈ ನಿಂತಿತು. ಮೇಷ್ಟ್ರ ಬೆರಳು ಮೀಸೆಯನ್ನು ಸವರಿ, ಗಡ್ಡಕ್ಕಿಳಿದು, ಅಲ್ಲೇ ಉಳಿಯಿತು. “ಗಡ್ಡ ಬಹಳ ಚೆನ್ನಾಗಿ ಬಂದಿದೆ,” ಎಂದರು.

“ಮೇಷ್ಟ್ರೇ, ಅಕ್ಷರ ಓದಿ.”

“ನಾನೇ ಬರೆದದ್ದನ್ನ ನಾನೇ ಓದೋದಾ? ನನಗೆ ಬಾಯಿಪಾಠ ಇದೆ ಅಜ್ಜ. ಬೇಕಾದ್ರೆ ಕಣ್ಣು ಮುಚ್ಕೊಂಡು ಹೇಳ್ತೀನಿ.” ಹೇಳಿಯೂಬಿಟ್ಟರು, ಕಣ್ಣು ಮುಚ್ಚಿಕೊಂಡು, ಪ್ರೇಮಮೂರ್ತಿಯವರೆಗೆ.

“ಮೂರನೇ ಸಲ ಹೇಳ್ತಿದ್ದೀನಿ. ಉಳಿ ಬಿದ್ದ ಮೇಲೆ ನನ್ನನ್ನ ಕೇಳಬೇಡಿ.”

“ಅಯ್ಯೋ, ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ವಾ? ಎಲ್ಲಿ ಹಾಕ್ಬೇಕು ಸಹಿ?” ಎಂದು ಅಧ್ಯಕ್ಷ ಗಡಿಯಾರ ನೋಡಿಕೊಂಡ. ಇಬ್ಬರೂ ಸಹಿ ಮಾಡಿ ಹೋದರು.

ಮುದುಕನಿಗೆ ಅವರಿಬ್ಬರ ಮೇಲೆ ಇದ್ದ ತಾತ್ಸಾರ ಇನ್ನೂ ಹೆಚ್ಚಿತೇ ಹೊರತು ಗೆದ್ದ ಸಂತೋಷವೇನೂ ಬರಲಿಲ್ಲ. ಒಂದು ಊರಿನ ಚರಿತ್ರೆಗೆ ಇಷ್ಟೇ ಕಾವಲು! ಕೈಮುಗಿದು, ಉಳಿ ತೆಗೆದುಕೊಂಡ.

ಕಲ್ಲಿನ ಪರದೆ ಸರಿಸುವ ದಿನ ಬೆಳಗ್ಗೆಯೇ ಕಟ್ಟೆ ತುಂಬಿತು. ಅಧ್ಯಕ್ಷ ಹಗ್ಗ ಎಳೆದ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಲ್ಲಿಗೆ ಬೆನ್ನು ಮಾಡಿ, ಮೈಕು ಹಿಡಿದು, “ಕಲ್ಲಿನ ಮೇಲಿರುವ ಈ ಪವಿತ್ರ ವಾಕ್ಯಗಳನ್ನು ಆಲಿಸಿ” ಎಂದು ಕಡಲ ಸಿಂಹದಿಂದ ಶುರುಮಾಡಿದರು. ಅವರ ಹಿಂದೆ, ಒಂದು ಬೆರಳು ಆಳದ ಅಕ್ಷರಗಳಲ್ಲಿ, ಬೇರೆಯೇ ಇತ್ತು:

‘ಇವನು ಒಕ್ಕಣ್ಣ. ದೋಣಿ ಒಡೆದು, ಹೆಣಗಳ ಬೆರಳು ಕತ್ತರಿಸಿ ಬದುಕಿದ. ಇವನ ಕೆಳಗೆ ಬರೆದಿರುವ ಒಂಬತ್ತು ಮಂದಿ ದುಡಿದು ಬದುಕಿ ಈ ಕಡಲಲ್ಲಿ ತೀರಿಕೊಂಡರು. ದೇವರು ಇವರನ್ನು ಬಲ್ಲ.’

ಅದರ ಕೆಳಗೆ ಒಂಬತ್ತು ಹೆಸರುಗಳು. ಜನರ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿಗೆ ಹಬ್ಬಿತು. ದೀನಬಂಧು ಎಂಬಲ್ಲಿಗೆ ಬಂದಾಗ ಮೇಷ್ಟ್ರಿಗೂ ಏನೋ ಅನುಮಾನವಾಗಿ ಹಿಂತಿರುಗಿ ನೋಡಿದರು. ಮೈಕು ಹಿಡಿದ ಕೈ ಕೆಳಗಿಳಿಯಿತು. ಅಧ್ಯಕ್ಷನಿಗೆ ಓದಲು ಸ್ವಲ್ಪ ಸಮಯ ಹಿಡಿಯಿತು; ಓದಿದ್ದೇ ಮುಖ ಕೆಂಡವಾಯಿತು.

“ಅಳಿಸ್ರೀ ಇದನ್ನ! ಈಗ್ಲೇ ಅಳಿಸಿ!”

“ಅಕ್ಷರ ಹೋಗ್ಬೇಕಾದ್ರೆ ಕಲ್ಲಿನ ಮುಖವನ್ನೇ ಒಂದು ಬೆರಳು ಸವೆಸ್ಬೇಕಪ್ಪ,” ಎಂದ ಮುದುಕ, ದನಿ ಏರಿಸದೆ. “ಸಮ ಆಗ್ಬೇಕಲ್ಲ, ಮೇಲಿಂದ ಕೆಳಗಿನವರೆಗೂ. ಆಗ ನಿಮ್ಮ ವೀರನ ಮೂಗೂ ಹೋಗುತ್ತೆ, ಮೀಸೆನೂ ಹೋಗುತ್ತೆ, ಉಳಿದಿರೋ ಒಂದು ಕಣ್ಣೂ ಹೋಗುತ್ತೆ. ಸವೆಸ್ಲಾ?”

ಅಷ್ಟರಲ್ಲಿ ಒಂಬತ್ತು ಮನೆಗಳ ಹೆಂಗಸರು ಬಂದು ಕಲ್ಲಿಗೆ ಸುತ್ತುಗಟ್ಟಿದ್ದರು. ಯಾರೂ ಕೂಗಾಡಲಿಲ್ಲ. ಹೆಸರುಗಳನ್ನು ಮುಟ್ಟಿ ನೋಡುತ್ತಿದ್ದರು, ಅಷ್ಟೇ. ಪ್ರವಾಸಿಗಳು ಅವರ ಹೆಗಲ ಮೇಲಿಂದ ಇಣುಕಿ ಇನ್ನೂ ಹೆಚ್ಚು ಫೋಟೋ ತೆಗೆದರು. ಅಧ್ಯಕ್ಷ ಆ ಗುಂಪನ್ನೊಮ್ಮೆ, ತನ್ನ ಹೋಟೆಲನ್ನೊಮ್ಮೆ ನೋಡಿ, ಮೇಷ್ಟ್ರ ಕಿವಿಯಲ್ಲಿ, “ಜನ ಸೇರ್ತಿದ್ದಾರೆ, ಸದ್ಯಕ್ಕೆ ಇರ್ಲಿ ಬಿಡಿ” ಎಂದ. ಅವನ ಕೋಪದ ಆಯುಸ್ಸೂ ಅಷ್ಟೇ ಎಂದುಕೊಂಡ ಮುದುಕ.

ಮುಳುಗಿದ ದೋಣಿಯನ್ನು ನಡೆಸುತ್ತಿದ್ದ ತಂಡೇಲನ ತಾಯಿ, ಮುದುಕನಿಗಿಂತ ಹಿರಿಯಳು, ಪಟ್ಟಿಯ ಕೊನೆಯವರೆಗೂ ಬೆರಳಾಡಿಸಿ ಅವನ ಕಡೆ ತಿರುಗಿದಳು. “ನನ್ನ ಮಗನ ಹೆಸರೇ ಮೊದಲು ಹಾಕಿದ್ದೀಯಲ್ಲೋ. ಉಳಿ ನಿನ್ನ ಕೈಯಲ್ಲಿ, ಕಲ್ಲು ನಿಂದು. ನಿನ್ನ ಮಗನ್ನ ಹೋಗಿ ಹೋಗಿ ಕಟ್ಟಕಡೆಗೆ ಇಟ್ಟಿದ್ದೀಯಾ?”

“ದೋಣಿ ಹತ್ತೋ ಸಾಲಲ್ಲೇ ಬರೆದಿದ್ದೀನಿ ಅಕ್ಕ,” ಎಂದ ಅವನು. “ದಡದಲ್ಲಿ ನಿಂತು ಹಗ್ಗ ಬಿಚ್ಚಿ, ಎಲ್ಲರಿಗಿಂತ ಕೊನೆಗೆ ಒಳಕ್ಕೆ ಹಾರ್ತಿದ್ದೋನು ಅವನೇ ಅಲ್ವಾ?”