ಮೇದ ಜಾಗದ ಚುಕ್ಕೆಗಳು

ನಾಲ್ಕು ಗಂಟೆಯೊಳಗೆ ಕಡಲಾಮೆಗಳ ತಾಣಗಳ ಪಟ್ಟಿಯನ್ನು ಸರ್ಕಾರಕ್ಕೆ ಕಳಿಸಬೇಕಿತ್ತು. ಆಗಲೇ ಮೂರೂವರೆ. ಯಮನೂರಿನ ನಮ್ಮ ಹೊಲದ ಬದುವಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ನಾವು ಬೆನ್ನಿಗೆ ಉಪಗ್ರಹದ ಟ್ಯಾಗ್ ಅಂಟಿಸಿ ಬಿಟ್ಟಿದ್ದ ಹಸಿರು ಕಡಲಾಮೆ ಹತ್ತೊಂಬತ್ತು ದಿನದಿಂದ ಒಂದೇ ಕಡೆ ಸುತ್ತುತ್ತಿತ್ತು. ಆ ಜಾಗ ಆಮೆಗಳದೆಂದು ಪಟ್ಟಿಗೆ ಸೇರದಿದ್ದರೆ ಅಲ್ಲಿ ಬಂದರು ಕಟ್ಟುತ್ತಾರೆ.

ಫೋನಿನ ಸ್ಪೀಕರಿನಲ್ಲಿ ನಮ್ಮ ತಂಡದ ಮುಖ್ಯಸ್ಥ ಗೌರೀಶ ರೇಗಿದರು. “ಟ್ಯಾಗ್ ಕಳಚಿ ಅಲ್ಲೇ ತೇಲಾಕತ್ತೈತಿ, ರೇಷ್ಮಾ. ಆ ಜಾಗ ತಗದ್ ಹಾಕು.”

ಕುರಿ ಮೇಯಿಸುತ್ತಿದ್ದ ನಮ್ಮಪ್ಪ ಮೈಲಾರಪ್ಪ ಬಗ್ಗಿ, ಪರದೆಯ ಮೇಲೆ ಆಮೆಯ ಜಾಡು ತೋರಿಸುತ್ತಿದ್ದ ಚುಕ್ಕೆಗಳನ್ನು ನೋಡಿದ.

“ಅದು ಏನ್ ತಿಂತೈತಿ?”

“ಕಡಲಿನ ತಳದಾಗಿನ ಹುಲ್ಲು. ಸುಮ್ನಿರಪ್ಪಾ, ಹೊತ್ತಿಲ್ಲ.”

ಅವನು ಸುಮ್ಮನಿರಲಿಲ್ಲ. ಮಣ್ಣು ಮೆತ್ತಿದ ಬೆರಳನ್ನು ಪರದೆಗೇ ಒತ್ತಿದ. “ತೇಲೂದು ನೀರು ಎಳದ ಕಡೆ ಹೋಗತೈತಿ, ತಿರುಗಿ ಬರೂದಿಲ್ಲ. ಇದು ದಿನಾ ಹೊಂಟು ದಿನಾ ತಿರುಗಿ ಬಂದೈತಿ. ನಿನ್ನೆ ಮೇದದ್ದರ ಬಾಜೂಕ ಇವತ್ತ ಮೇದೈತಿ. ಜೀವಂತ ಐತಿ ಬೇ.”

ಚುಕ್ಕೆಗಳಿಗೆ ದಿನಕ್ಕೊಂದು ಬಣ್ಣ ಹಾಕಿ ನೋಡಿದೆ. ಹತ್ತೊಂಬತ್ತು ದಿನವೂ ಹಾಗೇ! ಆ ಜಾಗವನ್ನೂ ಸೇರಿಸಿ ಪಟ್ಟಿ ಕಳಿಸಿದೆ.

ಮೂರು ಐವತ್ತಾರಕ್ಕೆ ಗೌರೀಶರ ಫೋನು ಮತ್ತೆ ಬಂತು. “ತಗದ್ಯಾ?”

“ಇಲ್ರಿ. ಅದು ಮೇಯೂ ಜಾಗ ಅಂತ ಬರದೀನ್ರಿ.”

“ಯಾರ ಮಾತಿನ ಮ್ಯಾಲೆ?”

ನಾನು ಅಪ್ಪನತ್ತ ನೋಡಿದೆ. ಅವನು ಫೋನು ಕಸಿದುಕೊಂಡ.

“ನಮ್ಮೂರ ಗಾಯರಾಣದಾಗ, ಊರಿನ ಹುಲ್ಲುಗಾವಲದಾಗ, ಕುರಿ ಮೇಯ್ತಾವಂತ ಯಾರೂ ಬರೀಲಿಲ್ರಿ ಸಾಹೇಬ್ರ. ಖಾಲಿ ಜಾಗ ಅಂತಂದು ಬೇಲಿ ಹಾಕಿದ್ರು.”