ಒದ್ದೆ ಕೈ

ತಾಮ್ರದ ಗಟ್ಟಿ ಬಂದು ಬಿದ್ದದ್ದು ಎರಕದವನ ಬಾಯಿಯ ಮೇಲೆ. ಒಂದು ಹಲ್ಲು ಮುರಿಯಿತು, ತುಟಿ ಸೀಳಿತು. ಗಟ್ಟಿ ಮಾತ್ರ ಏನೂ ಆಗದಂತೆ ನೆಲದ ಮೇಲೆ ಹೊಳೆಯುತ್ತ ಬಿದ್ದಿತ್ತು.

ಎಸೆದವನು ಕುಲುಮೆಯ ಯಜಮಾನ, ಎರಕದವನ ಹೆಂಡತಿಗೆ ಒಡಹುಟ್ಟಿದ ಅಣ್ಣ. ಬೆನ್ನ ಹಿಂದೆ ಎಲ್ಲರಿಗೂ ಅವನು ಗುಡುಗಪ್ಪ.

"ಕಬ್ಬಿಣ ಬೆರೆಸಿದ್ದೀರಾ ಅಂತ ಕೊಂಡವರು ವಾಪಸ್ ಕಳಿಸಿದ್ದಾರೆ! ಉಂಡ ಮನೆಗೇ ಎರಡು ಬಗೆದ್ಯೇನೋ?"

"ಇಲ್ಲ ಭಾವ. ತೂಕ ಹಾಕಿ ನೋಡಿ, ನೀರಿಗೆ ಹಾಕಿ ನೋಡಿ."

"ನೋಡ್ತೀನಿ. ಬೆರಕೆ ಅಂತ ಬಂತೋ, ಬೆರೆಸಿದ ಬಲಗೈನ ಬಡಿದು ತಗಡು ಮಾಡ್ತೀನಿ."

ಗುಡುಗಪ್ಪ ಕಣ್ಸನ್ನೆ ಮಾಡಿದ ಕೂಡಲೇ ಇಬ್ಬರು ಹಮಾಲರು ಎರಕದವನನ್ನು ಬೋರಲು ಕೆಡವಿ ಒತ್ತಿ ಹಿಡಿದರು. ಅವರಲ್ಲಿ ಮುದುಕನಾದವನು, "ಯಜಮಾನ್ರೇ, ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ" ಎಂದ. ಕೆನ್ನೆಗೆ ಒಂದು ಬಿತ್ತು. ಅವನೂ ಸುಮ್ಮನೆ ಒತ್ತಿ ಹಿಡಿದ.

ಪರೀಕ್ಷೆ ಸುಲಭದ್ದೇ. ಪಕ್ಕದಲ್ಲಿ ಮೂತಿ ಇರುವ ತಗಡಿನ ಡಬ್ಬಕ್ಕೆ ಮೂತಿಯ ಮಟ್ಟಕ್ಕೆ ನೀರು ತುಂಬಬೇಕು. ಗಟ್ಟಿಯನ್ನು ಮುಳುಗಿಸಿದಾಗ ಹೊರಚೆಲ್ಲುವ ನೀರನ್ನು ಅಳತೆಯ ಲೋಟದಲ್ಲಿ ಹಿಡಿಯಬೇಕು. ಆ ನೀರು ಎಷ್ಟೋ ಗಟ್ಟಿಯ ಗಾತ್ರವೂ ಅಷ್ಟೇ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಒಳ್ಳೆಯ ತಾಮ್ರವಾದರೆ ಒಂಬತ್ತರ ಹತ್ತಿರ ಬರಬೇಕು. ಕಬ್ಬಿಣ ಬೆರೆತರೆ ಎಂಟರ ಕಡೆಗೆ ಇಳಿಯುತ್ತದೆ.

ದಿನವೂ ಈ ಕೆಲಸ ಎರಕದವನದೇ. ಇಂದು ಅವನ ಮೂಗು ನೆಲದಲ್ಲಿತ್ತು. ಗುಡುಗಪ್ಪ ತಾನೇ ತೂಗಿದ: ಸಾವಿರದ ಏಳುನೂರ ಎಂಬತ್ತು ಗ್ರಾಂ. ತಾನೇ ಮುಳುಗಿಸಿದ. ಲೋಟದಲ್ಲಿ ಇನ್ನೂರೈವತ್ತು ಮಿಲಿ ನೀರು.

"ಏಳು ಚಿಲ್ಲರೆ!" ಅವನ ಗಂಟಲು ಬಿರಿಯಿತು. "ತಾಮ್ರವಂತೆ ತಾಮ್ರ!"

ಏಳು ಅಂದರೆ ಕಬ್ಬಿಣಕ್ಕಿಂತಲೂ ಹಗುರ, ಹಾಗಾದರೆ ಬೆರೆಸಿದ್ದೇನನ್ನು ಎಂದು ಯಾರೂ ಕೇಳಲಿಲ್ಲ. ಎರಕದವನ ಬಲಗೈಯನ್ನು ಎಳೆದು, ಲೋಹ ಬಡಿಯುವ ಅಡಿಗಲ್ಲಿನ ಮೇಲೆ ಚಾಚಿದರು. ಅಂಗಳದಿಂದ ಗುಡುಗಪ್ಪನ ತಂಗಿ ಓಡಿ ಬರುವಷ್ಟರಲ್ಲಿ ಸುತ್ತಿಗೆ ಮೇಲೇರಿತ್ತು.

ಇಳಿಯುವಾಗ ಹಿಡಿ ಗುಡುಗಪ್ಪನ ಮುಷ್ಟಿಯಲ್ಲಿ ಜಾರಿತು. ಅಂಗೈಗೆ ಗುರಿಯಿಟ್ಟ ಪೆಟ್ಟು ಕಿರುಬೆರಳು, ಉಂಗುರದ ಬೆರಳುಗಳ ಮೇಲೆ ಬಿತ್ತು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಕಿರುಚಾಟಕ್ಕೆ ಛಾವಣಿಯ ತಗಡು ಅದುರಿತು. ಗುಡುಗಪ್ಪ ಸುತ್ತಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಬಲಗೈಯನ್ನು ಅಂಗಿಗೆ ಒರೆಸಿಕೊಂಡ.

ತಂಗಿ ಅದನ್ನು ಕಂಡಳು.

"ಅಣ್ಣಾ, ನಿನ್ನ ಕೈ ಯಾಕೆ ಒದ್ದೆ?"

"ಗಟ್ಟಿ ಅದ್ದಿದೆ. ದೂರ ನಿಂತ್ಕೋ."

"ಕೈಯಲ್ಲಿ ಹಿಡಿದು ಅದ್ದಿದ್ಯಾ? ತಂತಿ ಕಟ್ಟಲಿಲ್ವಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಲೋಟ ಬರಿದು ಮಾಡಿ ಡಬ್ಬಕ್ಕೆ ಮೂತಿಯ ತನಕ ನೀರು ಸುರಿದಳು, ಮೊಳೆಗೆ ನೇತಾಡುತ್ತಿದ್ದ ಸಣ್ಣ ತಂತಿಯನ್ನು ಗಟ್ಟಿಗೆ ಸುತ್ತಿ ಇಳಿಬಿಟ್ಟಳು. ಇನ್ನೂರು. ಲೆಕ್ಕ ಹಾಕುವುದಕ್ಕೆ ಕಾಗದ ಬೇಕಿರಲಿಲ್ಲ: ಎಂಟು ಪಾಯಿಂಟ್ ಒಂಬತ್ತು.

ಗಟ್ಟಿ ತೆಗೆದು, ಲೋಟ ಚೆಲ್ಲಿ, ಡಬ್ಬವನ್ನು ಮತ್ತೆ ಮೂತಿಯ ತನಕ ತುಂಬಿದಳು. "ಈಗ ಬರೀ ಕೈ ಅದ್ದು."

"ಏ, ಹೋಗೇ..."

"ಅದ್ದು!"

ಅವನು ಮೊದಲಿನಂತೆಯೇ ಬೆರಳುಗಳನ್ನು ಬಾಗಿಸಿ ಅದ್ದಿದ. ಮೂತಿಯಿಂದ ನೀರು ಸಣ್ಣಗೆ ಸುರಿದು ಐವತ್ತರ ಗೆರೆಯ ಹತ್ತಿರ ನಿಂತಿತು. ಹಮಾಲರ ಹಿಡಿತ ತಾನಾಗಿ ಸಡಿಲಿತು.

ಅವಳು ಅಣ್ಣನ ಎಡಗೈಯಿಂದ ಸುತ್ತಿಗೆ ಕಿತ್ತುಕೊಂಡಳು. ಅವಳ ಗಂಡನ ರಕ್ತ ಇನ್ನೂ ಆರದ ಅಡಿಗಲ್ಲಿನ ಮೇಲೆ ತನ್ನ ಬಲಗೈ ಇಟ್ಟು ಗುಡುಗಪ್ಪ ಕಣ್ಣು ಮುಚ್ಚಿದ.

"ಬೇಡ ಕಣೇ," ಎಂದ ಎರಕದವನು, ನೆಲದಿಂದಲೇ, ರಕ್ತ ಉಗಿದು. "ಅವರ ಕೈನೂ ಹೋದ್ರೆ ನಾಳೆ ಕರಗಿದ ತಾಮ್ರದ ಮೂಸೆ ಎತ್ತೋರು ಯಾರು? ನಿಮ್ಮಪ್ಪಾನಾ?"

ಸುತ್ತಿಗೆ ಬಿತ್ತು. ಬಿದ್ದದ್ದು ಡಬ್ಬದ ಮೇಲೆ. ಡಬ್ಬ ಅಪ್ಪಚ್ಚಿಯಾಗಿ ನೀರು ಎಲ್ಲರ ಮುಖಕ್ಕೂ ಚಿಮ್ಮಿತು.

"ನಾಳೆಯಿಂದ ಮೂಸೆ ನೀನೇ ಎತ್ತು," ಎಂದಳು ಅಣ್ಣನಿಗೆ. "ಇವರು ಕೂತ್ಕೊಂಡು ಹೇಳ್ತಾರೆ. ಈಗ ಅಂಗಿ ಬಿಚ್ಚು, ಇವರ ಕೈಗೆ ಸುತ್ತು. ಆಸ್ಪತ್ರೆವರೆಗೆ ನೀನೇ ಹೊತ್ತು ನಡಿ."

ಗುಡುಗಪ್ಪ ಅಂಗಿಗೆ ಕೈ ಹಾಕಿದ. ಗುಂಡಿ ಬಿಚ್ಚುತ್ತ ನಿಲ್ಲದೆ ಹರಿದೇ ತೆಗೆದ.